ಕಲೆಯೋ, ತೊಡಕೋ?

ಲೇತ್ ಯಂತ್ರದ ಹಿಂತುದಿಯ ಟೈಲ್‌ಸ್ಟಾಕಿನಲ್ಲಿ ದೊಡ್ಡ ಡ್ರಿಲ್ಲನ್ನು ಹಿಡಿದಿಡಲು ನಟ್ಟೂ ಇಲ್ಲ, ಬೋಲ್ಟೂ ಇಲ್ಲ. ಒಳಹೋದಂತೆ ಕಿರಿದಾಗುವ ಒಂದು ತೂತು, ಅಂದರೆ ಸಾಕೆಟ್, ಅದೇ ಓರೆಗೆ ಹೊಂದುವ ಡ್ರಿಲ್ಲಿನ ಹಿಂಬದಿ, ಅಷ್ಟೆ. ಒಳಗಿಟ್ಟು ಅಂಗೈಯಿಂದ ಒಮ್ಮೆ ನೂಕಿದರೆ ಕಚ್ಚಿಕೊಳ್ಳುತ್ತದೆ, ಆಮೇಲೆ ಕೈಯಲ್ಲಿ ಎಳೆದರೆ ಬರುವುದಿಲ್ಲ. 1860ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ರೂಪಿಸಿದ ಈ ಓರೆಗೆ ಇಂದಿಗೂ ಮೋರ್ಸ್ ಟೇಪರ್ ಎಂದೇ ಹೆಸರು. ಬೆಂಗಳೂರಿನ ಪೀಣ್ಯದ ವರ್ಕ್‌ಶಾಪುಗಳಿಗೂ, ಮನೆಯ ಹಿತ್ತಿಲಲ್ಲಿ ಹಳೆಯ ಲೇತ್ ಇಟ್ಟುಕೊಂಡ ಹವ್ಯಾಸಿಗಳಿಗೂ ಇದೇ ಆಧಾರ.

ಲೆಕ್ಕ ಸರಳ. ಸುಮಾರು 20 ಮಿ.ಮೀ. ಉದ್ದಕ್ಕೆ ವ್ಯಾಸ 1 ಮಿ.ಮೀ. ಇಳಿಯುತ್ತದೆ. ಓರೆ ಇಷ್ಟು ಕಡಿಮೆ ಇರುವುದರಿಂದ ಉಕ್ಕಿಗೆ ಉಕ್ಕು ತಿಕ್ಕುವ ಘರ್ಷಣೆಯೇ ಜಾರಲು ಬಿಡುವುದಿಲ್ಲ. ಆದರೆ ಎರಡೂ ಮೈ ಉದ್ದಕ್ಕೂ ಕೂಡಿರಬೇಕು. ನಡುವೆ ಒಂದು ಲೋಹದ ಚೂರು ಸಿಕ್ಕಿಕೊಂಡರೂ ಹಿಡಿತ ಹೋಯಿತು, ಡ್ರಿಲ್ ಒಳಗೇ ಗಿರ್ರನೆ ತಿರುಗಿ ಸಾಕೆಟ್ಟನ್ನು ಗೀರಿಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಲೇತ್ ಕೊಂಡವರು ಟಾರ್ಚ್ ಬಿಟ್ಟು ನೋಡಿದರೆ ಇಂಥ ಗೀರುಗಳು ಸಾಮಾನ್ಯವಾಗಿ ಕಾಣುತ್ತವೆ.

ಕಂಡೊಡನೆ ಕೈ ತೂತಿನ ಒಳಮೈ ಕೊರೆಯುವ ರೀಮರಿಗೆ ಹೋಗುತ್ತದೆ. ಗೀರೊಂದೂ ಉಳಿಯದಂತೆ ಪೂರ್ತಿ ಕೊರೆದುಬಿಡೋಣ ಅನಿಸುತ್ತದೆ. ಆಗ ಮೇಲಿನ ಲೆಕ್ಕವೇ ತಿರುಗಿಬೀಳುತ್ತದೆ. 0.2 ಮಿ.ಮೀ. ಆಳದ ಗೀರನ್ನು ಅಳಿಸಲು ಸುತ್ತಲೂ ಅಷ್ಟೇ ಲೋಹ ತೆಗೆಯಬೇಕು. ವ್ಯಾಸ 0.4 ಮಿ.ಮೀ. ಹೆಚ್ಚುತ್ತದೆ, ಡ್ರಿಲ್ 8 ಮಿ.ಮೀ. ಒಳಸರಿದು ಕೂರುತ್ತದೆ. ಹಿಂಬದಿ ಮೊದಲೇ ತಳಕ್ಕೆ ತಾಗಿದರೆ ಓರೆ ಕಚ್ಚುವುದೇ ಇಲ್ಲ. ಇಲಿಯ ಕಾಟಕ್ಕೆ ಮನೆಗೆ ಬೆಂಕಿ ಇಟ್ಟ ಹಾಗಾಯಿತು.

ನಿಜವಾಗಿ ಅಡ್ಡಿ ಮಾಡುವುದು ಗೀರಿನ ತಗ್ಗಲ್ಲ, ಗೀರುವಾಗ ಅದರ ಪಕ್ಕಕ್ಕೆ ಎದ್ದ ಚೂಪು ಅಂಚು. ಪಳಗಿದವರು ಯಂತ್ರ ನಿಲ್ಲಿಸಿ, ಮರದ ಕಡ್ಡಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಮೊದಲು ಕೊಳೆ ತೆಗೆಯುತ್ತಾರೆ. ಆಮೇಲೆ ರೀಮರನ್ನು ಒತ್ತದೆ, ಕೈಯಿಂದಲೇ ಮುಂದಕ್ಕೆ ಮಾತ್ರ ತಿರುಗಿಸುತ್ತಾರೆ. ಹಿಂದಕ್ಕೆ ತಿರುಗಿಸಿದರೆ ಅದರ ಬಾಯಿ ಮೊಂಡಾಗುತ್ತದೆ. ಅಂಚು ಸವೆಯುವ ಕರಕರ ಸದ್ದು ನಿಂತ ಕೂಡಲೇ ಕೈಯೂ ನಿಲ್ಲುತ್ತದೆ. ಕೊನೆಗೆ ಅದೇ ಓರೆಯ ಒಳ್ಳೆಯ ಸೆಂಟರ್ ಒಂದಕ್ಕೆ ಪ್ರಷ್ಯನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, ಒಳಗಿಟ್ಟು ತುಸು ತಿರುಗಿಸಿ ಹೊರತೆಗೆಯುತ್ತಾರೆ. ನೀಲಿ ಉದ್ದಕ್ಕೂ ತಿಕ್ಕಿಹೋಗಿದ್ದರೆ ಹಿಡಿತಕ್ಕೆ ಕೊರತೆಯಿಲ್ಲ. ಗೀರು ಇದ್ದಲ್ಲೇ ಇರುತ್ತದೆ, ಡ್ರಿಲ್ ಅಲ್ಲಾಡುವುದಿಲ್ಲ.

ಹೊಸ ಸಾಕೆಟ್ ಕೊರೆಯುವಾಗ ಅದೇ ಲೆಕ್ಕ ನೆರವಿಗೆ ಬರುತ್ತದೆ. ಅಳತೆಯ ಪ್ಲಗ್ ಇನ್ನೂ 1 ಮಿ.ಮೀ. ಹೊರಗೆ ನಿಂತಿದ್ದರೆ ವ್ಯಾಸದಲ್ಲಿ ತೆಗೆಯಲು ಉಳಿದಿರುವುದು 0.05 ಮಿ.ಮೀ. ಮಾತ್ರ. ಇನ್ನು, ಬಾಯಿಯ ಬಳಿ ಸವೆದು ಅಗಲವಾದ ಸಾಕೆಟ್ಟಿನಲ್ಲಿ ನೀಲಿ ಒಳತುದಿಯಲ್ಲಷ್ಟೇ ತಿಕ್ಕಿಹೋಗುತ್ತದೆ. ಅಲ್ಲಿ ಬರೀ ಅಂಚು ಸವರಿ ಪ್ರಯೋಜನವಿಲ್ಲ, ಕೊರೆಯಲೇಬೇಕು, ಇಲ್ಲವೇ ಬದಲಿಸಬೇಕು. ಯಾವುದು ಯಾವಾಗ ಎಂಬುದನ್ನು ಪರೀಕ್ಷೆ ಹೇಳಬೇಕು, ಕಣ್ಣಿಗೆ ಬಿದ್ದ ಕಲೆಯಲ್ಲ.

ಹಳೆಯದನ್ನು ಸರಿಮಾಡ ಹೊರಟವರು, ಅದು ಮನೆಯಾಗಲಿ, ಕಚೇರಿಯ ನಿಯಮವಾಗಲಿ, ಇದೊಂದನ್ನು ಕೇಳಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ: ಇದು ಕೆಲಸಕ್ಕೆ ಅಡ್ಡ ಬಂದಿದೆಯೇ, ಇಲ್ಲವೇ ನೋಡಲು ಚೆನ್ನಾಗಿಲ್ಲವೆಂದು ಕಣ್ಣಿಗೆ ಚುಚ್ಚುತ್ತಿದೆಯೇ? ಅಡ್ಡ ಬಂದದ್ದನ್ನು ಮುಲಾಜಿಲ್ಲದೆ ತೆಗೆಯಲಿ. ಹೊಸದರಂತೆ ಕಾಣಲಿ ಎಂಬ ಹಟಕ್ಕೆ ಬಿದ್ದು ಗಟ್ಟಿಯಾಗಿ ಉಳಿದದ್ದನ್ನೂ ಕೊರೆದರೆ, ಒಮ್ಮೆ ಹೋದ ಲೋಹವನ್ನು ಯಾವ ರೀಮರೂ ತಿರುಗಿ ತಂದುಕೊಡುವುದಿಲ್ಲ.