ವಿಹಾರ ಮತ್ತು ವಿಹಾರ

ವಿಹಾರ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಜಲವಿಹಾರ, ವನವಿಹಾರ, ವಾಯುವಿಹಾರ ಎನ್ನುವಾಗ ಅದು ಸುತ್ತಾಟ, ಮನರಂಜನೆ. ನಾಲಂದದ ವಿಹಾರ ಎನ್ನುವಾಗ ಅದು ಭಿಕ್ಷುಗಳು ನೆಲೆಸುವ ಮಠ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳಲ್ಲಿ ಈ ಎರಡು ಅರ್ಥಗಳೂ ಕಟ್ಟಡಗಳಾಗಿ ಎದ್ದು ನಿಂತಿವೆ. ದಾಂಡೇಲಿ, ಜೋಯಿಡಾಗಳಲ್ಲಿ ಕಾಳಿ ನದಿಯ ದಂಡೆಗುಂಟ ರೆಸಾರ್ಟು, ಹೋಂಸ್ಟೇಗಳಿವೆ. ಮುಂಡಗೋಡದಲ್ಲಿ ಡ್ರೆಪುಂಗ್ ಮತ್ತು ಗಾಡೆನ್ ಮಠಗಳಿವೆ. ಹಳಿಯಾಳದ ಕಡೆ ಸಿದ್ದಿಗಳ ಡಮಾಮಿ ವಾದ್ಯದ ಸದ್ದು ಕೇಳುತ್ತದೆ. ಸುಖಕ್ಕೆಂದು ಎಚ್ಚರವಿರುವ ರಾತ್ರಿಗೂ ಧರ್ಮಕ್ಕೆಂದು ಎಚ್ಚರವಿರುವ ರಾತ್ರಿಗೂ ನಿಜವಾದ ವ್ಯತ್ಯಾಸ ಏನು ಎಂಬ ಹಳೆಯ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ.

ಪ್ರಶ್ನೆ ಅತ್ಯಂತ ಢಾಳಾಗಿ ಕಾಣುವ ಜಾಗ ಮಾತ್ರ ಥಾಯ್ಲೆಂಡಿನ ಕೊ ಫಾಂಗನ್ ದ್ವೀಪ. ಅಲ್ಲಿನ ಹಾದ್ ರಿನ್ ಕಡಲತೀರದಲ್ಲಿ ಪ್ರತಿ ಹುಣ್ಣಿಮೆಗೆ ನಡೆಯುವ ಫುಲ್ ಮೂನ್ ಪಾರ್ಟಿ 1980ರ ದಶಕದಲ್ಲಿ ಕೆಲವೇ ಪ್ರವಾಸಿಗರ ಕೂಟವಾಗಿ ಶುರುವಾಯಿತು. ಈಗ ಒಂದೊಂದು ರಾತ್ರಿಗೆ ಸಾವಿರಾರು ಜನ ಸೇರುತ್ತಾರೆ. ಮದ್ಯವನ್ನು ಸಣ್ಣ ಬಕೆಟ್ಟಿನಲ್ಲಿ ಕಲಸಿ ಮಾರುವುದು, ಮೈಗೆ ಹೊಳೆಯುವ ಬಣ್ಣ ಬಳಿದುಕೊಳ್ಳುವುದು, ಬೆಳಗಾಗುವವರೆಗೆ ಮರಳಿನ ಮೇಲೆ ಕುಣಿಯುವುದು ಅದರ ಕ್ರಮ. ಆದರೆ ಥೇರವಾದ ಬೌದ್ಧರಿಗೆ ಹುಣ್ಣಿಮೆ ಉಪೋಸಥದ ದಿನ. ಉಳಿದ ದಿನಗಳಲ್ಲಿ ಪಂಚಶೀಲಗಳಲ್ಲೇ ನಿಲ್ಲುವ ಗೃಹಸ್ಥರು ಆ ದಿನ ಎಂಟು ಶೀಲಗಳನ್ನು ಹಿಡಿಯುವ ಪದ್ಧತಿಯಿದೆ. ಮಧ್ಯಾಹ್ನದ ಮೇಲೆ ಉಣ್ಣದಿರುವುದು, ಕುಣಿತ, ಹಾಡು, ವಾದ್ಯ, ನೋಟಗಳಿಂದ ದೂರವಿರುವುದು ಹೆಚ್ಚಿಗೆ ಸೇರುವ ಶೀಲಗಳಲ್ಲಿವೆ. ಎಂದರೆ, ತಿಂಗಳಲ್ಲಿ ಯಾವ ರಾತ್ರಿ ಕುಣಿಯಬಾರದೆಂದು ಆ ಧರ್ಮ ಗೃಹಸ್ಥನಿಗೆ ಹೇಳುತ್ತದೋ ಅದೇ ರಾತ್ರಿಯನ್ನು ಪಾರ್ಟಿ ಆರಿಸಿಕೊಂಡಿದೆ. ಮಾಘ, ವೈಶಾಖ, ಆಷಾಢಗಳ ದೊಡ್ಡ ಹುಣ್ಣಿಮೆಗಳಂದು ಥಾಯ್ ಸರ್ಕಾರ ಬಹುಕಾಲದಿಂದ ಮದ್ಯ ಮಾರಾಟವನ್ನು ನಿಷೇಧಿಸುತ್ತ ಬಂದಿದ್ದರಿಂದ ಹುಣ್ಣಿಮೆಯ ಪಾರ್ಟಿ ಆಗೆಲ್ಲ ಮುಂದಕ್ಕೋ ಹಿಂದಕ್ಕೋ ಜರುಗುತ್ತದೆ. 2025ರಲ್ಲಿ ಈ ನಿಷೇಧ ಹೋಟೆಲು, ವಿಮಾನ ನಿಲ್ದಾಣಗಳಂಥ ಕೆಲವು ಜಾಗಗಳಿಗೆ ಸಡಿಲವಾಯಿತು.

ಕೊ ಫಾಂಗನ್ ಸೇರಿರುವ ಪ್ರಾಂತ್ಯದ ಹೆಸರು ಸೂರತ್ ಥಾನಿ. 1915ರಲ್ಲಿ ದೊರೆ ವಜಿರಾವುಧ್ ನಮ್ಮ ಗುಜರಾತಿನ ಸೂರತ್ತನ್ನು ನೆನೆದು ಇಟ್ಟ ಹೆಸರು. ಅದೇ ಪ್ರಾಂತ್ಯದ ಚೈಯಾದಲ್ಲಿ ಬುದ್ಧದಾಸ ಭಿಕ್ಷು 1932ರಲ್ಲಿ ಸುವಾನ್ ಮೋಖ್ ಎಂಬ ಅರಣ್ಯಮಠವನ್ನು ಕಟ್ಟಿದರು. ಅಲ್ಲಿ ತಿಂಗಳ ಆರಂಭದ ದಿನಗಳಲ್ಲಿ ವಿದೇಶಿಯರಿಗಾಗಿ ಮೌನಶಿಬಿರ ನಡೆಯುತ್ತ ಬಂದಿದೆ. ಒಂದೇ ಪ್ರವಾಸದಲ್ಲಿ ಪಾರ್ಟಿಯನ್ನೂ ಮೌನವನ್ನೂ ಮುಗಿಸಿಕೊಂಡು ಬರಲು ಅಡ್ಡಿಯೇನಿಲ್ಲ.

ದಾಂಡೇಲಿಯ ಕಥೆ ಇಷ್ಟು ಥಳಕಿನದಲ್ಲ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಿಂದ ಬೆಳೆದ ಕಾರ್ಖಾನೆಯ ಊರು ಅದು. ಬಿದಿರು, ಸಾಗುವಾನಿಯ ಲೆಕ್ಕದಲ್ಲಿ ಬದುಕುತ್ತಿದ್ದ ಊರಿಗೆ ಪ್ರವಾಸೋದ್ಯಮ ತಡವಾಗಿ ಬಂತು. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಾಗ ಸೂಪಾ ಎಂಬ ಊರೇ ಮುಳುಗಿತು. ಅಲ್ಲಿಂದೆದ್ದ ಜನ ರಾಮನಗರದಲ್ಲಿ ನೆಲೆ ಕಂಡರು. ಇಂದು ಅದೇ ಕಟ್ಟೆಯ ವಿದ್ಯುದಾಗಾರದಿಂದ ನೀರು ಹೊರಬಿದ್ದಾಗ ಕೆಳಗೆ ರಾಫ್ಟಿಂಗ್ ನಡೆಯುತ್ತದೆ. ಒಂದು ಊರನ್ನು ಮುಳುಗಿಸಿ ನಿಂತ ನೀರಿನ ಮೇಲೆ ಇನ್ನೊಂದು ಊರಿನವರ ವಾರಾಂತ್ಯ ತೇಲುತ್ತದೆ. ಹುಬ್ಬಳ್ಳಿ, ಬೆಳಗಾವಿ, ಗೋವಾ, ಬೆಂಗಳೂರುಗಳಿಂದ ಬರುವವರಿಗೆ ಹಗಲು ರಾಫ್ಟು, ಕಯಾಕು, ಸಫಾರಿ. ರಾತ್ರಿ ಕ್ಯಾಂಪ್ ಫೈರ್, ಡಿಜೆ, ರೇನ್ ಡ್ಯಾನ್ಸ್. ಮಳೆಗಾಲದಲ್ಲಿ ವಾರಗಟ್ಟಲೆ ಬಿಡದೆ ಸುರಿಯುವ ಸೀಮೆಯಲ್ಲಿ ಪೈಪಿನಿಂದ ಮಳೆ ಬರಿಸಿ ಕುಣಿಯುವುದು ತಮಾಷೆಯ ಸಂಗತಿಯೇ.

ಇಂಥ ಕೂಟಗಳ ಬಗ್ಗೆ ಬೌದ್ಧ ಗ್ರಂಥಗಳಲ್ಲಿ ಚರ್ಚೆ ಬಹಳ ಹಳೆಯದು. ಪಾಳಿಯಲ್ಲಿ ಅದಕ್ಕೆ ‘ಸಮಜ್ಜ’ ಎಂಬ ಹೆಸರಿದೆ. ರಾಜಗೃಹದ ಗುಡ್ಡದ ಮೇಲೆ ನಡೆಯುತ್ತಿದ್ದ ಸಮಜ್ಜಕ್ಕೆ ಕೆಲವು ಭಿಕ್ಷುಗಳು ಹೋಗಿ ಕುಣಿತ, ಹಾಡುಗಳನ್ನು ನೋಡಿದರೆಂದೂ, ಸಂಸಾರಸ್ಥರಂತೆ ಇವರೂ ಬಂದರಲ್ಲ ಎಂದು ಜನ ಆಡಿಕೊಂಡ ಮೇಲೆ ಬುದ್ಧ ಅದನ್ನು ಭಿಕ್ಷುಗಳಿಗೆ ನಿಷೇಧಿಸಿದನೆಂದೂ ವಿನಯಪಿಟಕ ಹೇಳುತ್ತದೆ. ಗೃಹಸ್ಥನಿಗೆಂದೇ ಹೇಳಿದ ಸಿಗಾಲೋವಾದ ಸುತ್ತದಲ್ಲಿ ವಾದ ಬೇರೆ ದಾರಿ ಹಿಡಿಯುತ್ತದೆ. ಅಲ್ಲಿ ಪಾಪದ ಮಾತಿಗಿಂತ ಖರ್ಚಿನ ಮಾತು ಮುಂದಿದೆ. ಕುಡಿತ, ಅವೇಳೆಯಲ್ಲಿ ಬೀದಿ ಅಲೆಯುವುದು, ಸಮಜ್ಜಗಳ ಚಟ, ಜೂಜು, ಕೆಟ್ಟ ಗೆಳೆತನ, ಸೋಮಾರಿತನ ಇವು ಸಂಪತ್ತು ಸೋರಿಹೋಗುವ ಆರು ಬಾಗಿಲುಗಳು. ರಾತ್ರಿ ಅಲೆಯುವವನು ತನ್ನನ್ನೂ ಹೆಂಡತಿ ಮಕ್ಕಳನ್ನೂ ಆಸ್ತಿಯನ್ನೂ ಕಾಯಲಾರ, ಅವನ ಮೇಲೆ ಸಂಶಯವೂ ಬರುತ್ತದೆ ಎಂಬಂಥ ಸಂಸಾರದ ವಿವೇಕ ಅದು.

ಇವೆಲ್ಲಕ್ಕಿಂತ ತೀಕ್ಷ್ಣವಾದದ್ದು ಸಂಯುತ್ತ ನಿಕಾಯದಲ್ಲಿ ಬರುವ ತಾಲಪುಟನ ಪ್ರಸಂಗ. ಅವನು ನಟರ ತಂಡವೊಂದರ ಯಜಮಾನ. ಜನರನ್ನು ನಗಿಸಿ ರಂಜಿಸಿದ ನಟ ಸತ್ತ ಮೇಲೆ ನಗುವ ದೇವತೆಗಳ ಲೋಕಕ್ಕೆ ಹೋಗುತ್ತಾನೆಂದು ತನ್ನ ಕಸುಬಿನ ಹಿರಿಯರು ಹೇಳುತ್ತ ಬಂದಿದ್ದಾರೆ, ಇದು ನಿಜವೇ ಎಂದು ಅವನು ಕೇಳುತ್ತಾನೆ. ಬುದ್ಧ ಎರಡು ಸಲ ಉತ್ತರ ಕೊಡಲೊಲ್ಲ. ಮೂರನೆಯ ಸಲ ಬಿಡದೆ ಕೇಳಿದಾಗ ಹೇಳುತ್ತಾನೆ: ಜನ ಮೊದಲೇ ರಾಗ, ದ್ವೇಷ, ಮೋಹಗಳಲ್ಲಿ ಬಿದ್ದಿದ್ದಾರೆ, ನಟ ಅವನ್ನೇ ಇನ್ನಷ್ಟು ಕೆದಕುತ್ತಾನೆ, ತಾನೂ ಮತ್ತನಾಗಿ ಮೈಮರೆತು ಇತರರನ್ನೂ ಮೈಮರೆಸಿದವನು ಸೇರುವುದು ನರಕವನ್ನು. ತಾಲಪುಟ ಅಳುತ್ತಾನೆ. ಬುದ್ಧನ ಮಾತು ನೋಯಿಸಿತೆಂದಲ್ಲ, ಹಿರಿಯರು ಇಷ್ಟು ಕಾಲ ತನ್ನನ್ನು ವಂಚಿಸಿದರೆಂದು. ಮುಂದೆ ಅವನು ಭಿಕ್ಷುವಾದ. ಥೇರಗಾಥೆಯ ದೀರ್ಘ ಪದ್ಯಗಳಲ್ಲಿ ಒಂದು ಅವನ ಹೆಸರಿನದು.

ರಂಜಿಸುವವನ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನು ಈ ಪ್ರಸಂಗ ನೇರವಾಗಿ ಎತ್ತುತ್ತದೆ. ಅದರ ತೀರ್ಪು ಕಟುವಾಯಿತು ಎನ್ನಬೇಕು, ಏಕೆಂದರೆ ನಗಿಸುವುದೆಲ್ಲ ಮೈಮರೆಸುವುದಲ್ಲ. ಅಶೋಕನಿಗೆ ಇದು ತಿಳಿದಿದ್ದಂತಿದೆ. ಗಿರ್ನಾರ್ ಮೊದಲಾದೆಡೆ ಇರುವ ಅವನ ಒಂದನೆಯ ಬಂಡೆ ಶಾಸನ ‘ಸಮಾಜ’ಗಳನ್ನು, ಎಂದರೆ ಇದೇ ಸಮಜ್ಜಗಳನ್ನು, ನಡೆಸಬಾರದೆಂದು ವಿಧಿಸಿ, ಮರುಕ್ಷಣವೇ ದೊರೆಗೆ ಒಪ್ಪಿಗೆಯಾದ ಕೆಲವು ಸಮಾಜಗಳೂ ಇವೆ ಎಂದು ಸೇರಿಸುತ್ತದೆ. ಯಾವುವು ಆ ಒಳ್ಳೆಯವು ಎಂಬುದನ್ನು ಶಾಸನ ಬಿಡಿಸಿ ಹೇಳುವುದಿಲ್ಲ.

ಮುಂಡಗೋಡದ ಮಠಗಳನ್ನು ನೋಡಿದರೆ ಒಳ್ಳೆಯ ಕೂಟಕ್ಕೂ ಕೆಟ್ಟ ಕೂಟಕ್ಕೂ ನಡುವಿನ ಗೆರೆ ಎಲ್ಲೆಲ್ಲಿ ಬೀಳುವುದಿಲ್ಲ ಎಂಬುದಾದರೂ ಸ್ಪಷ್ಟವಾಗುತ್ತದೆ. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ 1966ರಲ್ಲಿ ಇಲ್ಲಿ ನೆಲೆ ಕೊಡಲಾಯಿತು. ಜನ ಇಂದಿಗೂ ಅದನ್ನು ಕ್ಯಾಂಪ್ ಎಂದೇ ಕರೆಯುತ್ತಾರೆ, ಭಿಕ್ಷುಗಳನ್ನು ಲಾಮಾಗಳೆಂದು. ಕೆಲವೇ ವರ್ಷಗಳಲ್ಲಿ ಲ್ಹಾಸಾ ಸೀಮೆಯ ಡ್ರೆಪುಂಗ್, ಗಾಡೆನ್ ಮಹಾಮಠಗಳು ಇಲ್ಲಿ ಮರುಹುಟ್ಟು ಪಡೆದವು. ಹುಣ್ಣಿಮೆ ಅಮಾವಾಸ್ಯೆಗಳ ಉಪೋಸಥಕ್ಕೆ ಟಿಬೆಟಿಯನ್ನರಲ್ಲಿ ಸೋಜೋಂಗ್ ಎಂದು ಹೆಸರು. ಒಡೆದದ್ದನ್ನು ಕೂಡಿಸುವುದು, ಕೊಳೆಯಾದದ್ದನ್ನು ತೊಳೆಯುವುದು ಎಂಬುದು ಅದರ ಅರ್ಥ. ಪೂರ್ಣ ದೀಕ್ಷೆ ಪಡೆದ ಭಿಕ್ಷು ಪಾಲಿಸಬೇಕಾದ 253 ನಿಯಮಗಳಲ್ಲಿ ತಪ್ಪಿದ್ದನ್ನು ಒಪ್ಪಿಕೊಂಡು ಶುದ್ಧನಾಗುವ ಕ್ರಮ ಅದು.

ಹಾಗೆಂದು ಆ ಮಠಗಳು ಸದ್ದಿಲ್ಲದ ಜಾಗಗಳೇನೂ ಅಲ್ಲ. ಸಂಜೆಯಾದರೆ ಅಂಗಳದಲ್ಲಿ ತರ್ಕ ಶುರುವಾಗುತ್ತದೆ. ಕುಳಿತವನು ಉತ್ತರ ಹೇಳಬೇಕು. ನಿಂತವನು ಪ್ರಶ್ನೆ ಎಸೆದು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಬಡಿಯುತ್ತಾನೆ. ನೂರಾರು ಜೋಡಿಗಳು ಒಟ್ಟಿಗೆ ಕೂಗಾಡುವಾಗ ಹೊರಗಿನವರಿಗೆ ಅದು ಜಗಳದಂತೆಯೇ ಕಾಣುತ್ತದೆ. ಕತ್ತಲಾದ ಮೇಲೂ ತರ್ಕ ನಡೆಯುತ್ತದೆ. ಕುಣಿತವೂ ಇಲ್ಲದಿಲ್ಲ: ಮುಖವಾಡ ತೊಟ್ಟು ಮಾಡುವ ಛಾಮ್ ನೃತ್ಯ ಟಿಬೆಟಿಯನ್ ಮಠಗಳ ಆಚರಣೆಯ ಭಾಗ, ಡ್ರೆಪುಂಗ್ ಲೊಸೆಲಿಂಗ್‌ನ ಲಾಮಾಗಳು ತಮ್ಮ ನೃತ್ಯ, ಮಂತ್ರಪಠಣಗಳನ್ನು ವಿದೇಶಗಳ ರಂಗಮಂದಿರಗಳಲ್ಲೂ ತೋರಿಸಿದ್ದಾರೆ. ಹೀಗಾಗಿ ಪಾರ್ಟಿಗೂ ಮಠಕ್ಕೂ ಇರುವ ವ್ಯತ್ಯಾಸ ಸದ್ದಿನಲ್ಲಿಲ್ಲ, ಕುಣಿತದಲ್ಲಿಲ್ಲ, ನಿದ್ದೆಗೆಡುವುದರಲ್ಲೂ ಇಲ್ಲ. ಉಳಿದದ್ದು ಕುಡಿತ. ಅದನ್ನು ನಿಷೇಧಿಸುವ ಐದನೆಯ ಶೀಲದ ಪಾಳಿ ಮಾತಿನಲ್ಲೇ ಕಾರಣವೂ ಅಡಗಿದೆ: ಮದ್ಯ ಪ್ರಮಾದಕ್ಕೆ, ಎಂದರೆ ಮೈಮರೆವಿಗೆ, ಎಡೆ, ಆದ್ದರಿಂದ ಬೇಡ. ತಾಲಪುಟನಿಗೆ ಹೇಳಿದ ಮಾತಿನ ತಿರುಳೂ ಪ್ರಮಾದವೇ. ಬೌದ್ಧ ದೃಷ್ಟಿಯಲ್ಲಿ ಗೆರೆ ಬೀಳುವುದು ಅಲ್ಲಿ. ಮನಸ್ಸನ್ನು ಎಚ್ಚರದಲ್ಲಿಡುವ ಸದ್ದು ಒಂದು ಕಡೆ, ಎಚ್ಚರವನ್ನು ಕಳೆಯಲೆಂದೇ ಹುಟ್ಟಿದ ಸದ್ದು ಇನ್ನೊಂದು ಕಡೆ.

ಶರಣರ ಉತ್ತರ ಬೇರೆ. ಕಲ್ಯಾಣದ ಕ್ರಾಂತಿಯ ನಂತರ ಚನ್ನಬಸವಣ್ಣ ಬಂದು ಐಕ್ಯನಾದನೆಂದು ನಂಬುವ ಉಳವಿ ಇರುವುದು ಜೋಯಿಡಾ ತಾಲ್ಲೂಕಿನ ಕಾಡಿನೊಳಗೆ. ಇಂದ್ರಿಯಗಳನ್ನು ಬಲವಂತವಾಗಿ ಅದುಮಿದರೆ ಅವು ಮುಂದೆ ಬಂದು ಕಾಡುತ್ತವೆ ಎಂಬ ಅರ್ಥದ ವಚನ ಬಸವಣ್ಣನದಿದೆ. ವಚನಕಾರರು ಸುಖವನ್ನು ಬಿಡಿ ಎನ್ನಲಿಲ್ಲ, ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ತೆಗೆದುಕೊಳ್ಳಿ ಎಂದರು. ಹೀಗೆ ನೋಡಿದಾಗ ‘ಸುಖಪಟ್ಟೆಯಾ’ ಎಂದು ಕೇಳುವ ಬದಲು ‘ಅರ್ಪಿಸದೆ ಸುಖಪಟ್ಟೆಯಾ’ ಎಂದು ಕೇಳಬೇಕಾಗುತ್ತದೆ. ಉಳವಿ ಜಾತ್ರೆಯಲ್ಲಿ ಇದರ ಜಾನಪದ ರೂಪವನ್ನು ಕಾಣಬಹುದು. ಭಾರತ ಹುಣ್ಣಿಮೆಯ ಸುಮಾರಿಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಎತ್ತುಗಳಿಗೆ ಜೂಲು, ಗೆಜ್ಜೆ ತೊಡಿಸಿ ಚಕ್ಕಡಿ ಹೂಡಿಕೊಂಡು ದಿನಗಟ್ಟಲೆ ದಾರಿ ಸಾಗುತ್ತಾರೆ. ರಾತ್ರಿ ಬಯಲಲ್ಲಿ ಚಕ್ಕಡಿ ಬಿಚ್ಚಿ, ಬುತ್ತಿಯ ರೊಟ್ಟಿ ತಿಂದು, ಬೆಂಕಿ ಹಾಕಿಕೊಂಡು ಭಜನೆ ಮಾಡುತ್ತಾರೆ. ಅದೂ ಕ್ಯಾಂಪ್ ಫೈರೇ, ಬುಕಿಂಗ್ ಇಲ್ಲದ್ದು. ಭಾರತ ಹುಣ್ಣಿಮೆ ಎಂದರೆ ಮಾಘ ಹುಣ್ಣಿಮೆ. ಥಾಯ್ಲೆಂಡಿನ ಮಾಘ ಪೂಜೆಯೂ ಸಾಮಾನ್ಯವಾಗಿ ಅದೇ ಹುಣ್ಣಿಮೆಗೆ ಬೀಳುತ್ತದೆ. ಕೊ ಫಾಂಗನ್ನಿನಲ್ಲಿ ಪಾರ್ಟಿ ಬದಿಗೆ ಸರಿಯುವ ದಿನಗಳಲ್ಲೇ ಉಳವಿಯಲ್ಲಿ ಜನ ತೇರಿಗೆ ಸೇರಿರುತ್ತಾರೆ. ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ, ನೀರು ತೊಟ್ಟಿಕ್ಕಿ ತಾನಾಗಿ ಬೆಳೆದ ಲಿಂಗಕ್ಕೆ ಶಿವರಾತ್ರಿಯ ಪೂಜೆ ನಡೆಯುವುದು ಇದಾದ ಎರಡು ವಾರಕ್ಕೆ.

ಸಿದ್ದಿಗಳು, ಕುಣಬಿಗಳು ಈ ಚರ್ಚೆಗೆ ಗ್ರಂಥ ಬರೆದಿಲ್ಲ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗೋವಾಕ್ಕೆ ಗುಲಾಮರಾಗಿ ಬಂದವರ ವಂಶದವರು ಸಿದ್ದಿಗಳು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ, ಡಮಾಮಿ ಮೂವರಿಗೂ ಸಲ್ಲುತ್ತದೆ. ಜೋಯಿಡಾದ ಕುಣಬಿಗಳಿಗೆ ಶಿಗ್ಮೋ ಹಬ್ಬದ ಕುಣಿತ, ಹೆಂಗಸರಿಗೆ ಫುಗಡಿ. ಇಲ್ಲಿ ಕುಣಿಯುವವರು ಬೇರೆ, ನೋಡುವವರು ಬೇರೆ ಎಂಬ ಭೇದವಿಲ್ಲದ್ದರಿಂದ ತಾಲಪುಟನ ಪ್ರಶ್ನೆಯೇ ಹುಟ್ಟುವುದಿಲ್ಲ. ರೆಸಾರ್ಟಿನ ಅಂಗಳದಲ್ಲಿ ಅತಿಥಿಗಳ ಮುಂದೆ ಡಮಾಮಿ ಬಾರಿಸಿದಾಗ ಹುಟ್ಟುತ್ತದೆ.

ಬೌದ್ಧರ ಎಚ್ಚರ, ಶರಣರ ಅರ್ಪಣೆ ಎರಡೂ ಒಳ್ಳೆಯ ಅಳತೆಗೋಲುಗಳು. ಆದರೆ ಎರಡೂ ಸುಖಪಡುವವನ ಒಳಗನ್ನು ಅಳೆಯುತ್ತವೆ. ಅವನ ಸುಖದ ಸದ್ದು ಯಾರ ಕಿವಿಗೆ ಬೀಳುತ್ತದೆ ಎಂಬುದನ್ನು ಕಾನೂನು ಕೇಳುತ್ತದೆ. ಶಬ್ದಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ಮಾತ್ರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಉತ್ಸವದ ಸದ್ದಿಗೆ ರಿಯಾಯಿತಿ, ವ್ಯಾಪಾರದ ಸದ್ದಿಗೆ ಇಲ್ಲ ಎಂಬ ಈ ಭೇದ ಮನುಷ್ಯರಿಗೆ ಅರ್ಥವಾಗುತ್ತದೆ, ಮರದ ಪೊಟರೆಯಲ್ಲಿ ಕುಳಿತ ಹಕ್ಕಿಗೆ ಅರ್ಥವಾಗುವಂಥದ್ದಲ್ಲ. ಕನ್ನಡದಲ್ಲಿ ಪ್ರಮಾದ ಎಂದರೆ ಗೊತ್ತಿಲ್ಲದೆ ಆಗಿಬಿಡುವ ದೊಡ್ಡ ತಪ್ಪು. ಪಾಳಿಯ ಅರ್ಥಕ್ಕೆ ಇದನ್ನೂ ಸೇರಿಸಿಕೊಂಡರೆ, ತಾನು ಮೈಮರೆಯುವುದಷ್ಟೇ ಅಲ್ಲ, ಸುತ್ತ ಇರುವವರನ್ನು ಮರೆಯುವುದೂ ಪ್ರಮಾದವೇ. ಆಗ ರೆಸಾರ್ಟಿನ ಡಿಜೆಯೂ ಜಾತ್ರೆಯ ಮೈಕೂ ಒಂದೇ ತಕ್ಕಡಿಯಲ್ಲಿ ಕೂರಬೇಕಾಗುತ್ತದೆ.

ದಾಂಡೇಲಿಯ ಕಾಡು 2007ರಲ್ಲಿ ಅಣಶಿಯ ಜೊತೆಗೆ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. 2011ರಲ್ಲಿ ನದಿಯ ದಂಡೆಯ ಕಾಡನ್ನು ಮಂಗಟ್ಟೆ ಹಕ್ಕಿಗಳ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ಹೆಣ್ಣು ಮಂಗಟ್ಟೆ ಮೊಟ್ಟೆ ಇಡುವ ಮೊದಲು ಪೊಟರೆಯೊಳಗೆ ಹೊಕ್ಕು, ಕೊಕ್ಕು ಹೊರಚಾಚುವಷ್ಟು ಸೀಳು ಬಿಟ್ಟು ಬಾಗಿಲನ್ನು ಮೆತ್ತಿಕೊಳ್ಳುತ್ತದೆ. ವಾರಗಟ್ಟಲೆ ಅದು ಹೊರಗೆ ಬರುವುದಿಲ್ಲ. ಗಂಡು ತಂದುಕೊಡುವುದೇ ಆಹಾರ. ಹೀಗೆ ಅದು ಒಳಗಿರುವುದು ಹೆಚ್ಚುಕಡಿಮೆ ಜನವರಿಯಿಂದ ಮೇ ನಡುವಿನ ತಿಂಗಳುಗಳಲ್ಲಿ. ಉಳವಿಯ ಜಾತ್ರೆ, ಶಿವರಾತ್ರಿ, ಶಿಗ್ಮೋ, ರೆಸಾರ್ಟುಗಳ ಬೇಸಿಗೆ ರಜೆಯ ಸೀಸನ್, ಎಲ್ಲವೂ ಬರುವುದು ಅದೇ ತಿಂಗಳುಗಳಲ್ಲಿ.