ಬಟ್ಟೆ ಒಗೆದ ಲೆಕ್ಕ

ಹೆನ್ರಿ ಡೇವಿಡ್ ಥೋರೋನ 'ವಾಲ್ಡನ್' ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಕೊಳದ ವರ್ಣನೆಯಲ್ಲ, ಒಂದು ಖರ್ಚಿನ ಲೆಕ್ಕ. ಅಮೆರಿಕದ ಕಾಂಕರ್ಡ್ ಊರಾಚೆ, ವಾಲ್ಡನ್ ಕೊಳದ ದಡದಲ್ಲಿ, ಗೆಳೆಯ ಎಮರ್ಸನ್ನನ ಜಮೀನಿನಲ್ಲಿ ಆತ 10 ಅಡಿ ಅಗಲ, 15 ಅಡಿ ಉದ್ದದ ಪುಟ್ಟ ಮನೆ ಕಟ್ಟಿಕೊಂಡು 1845ರ ಜುಲೈ 4ರಿಂದ ಎರಡು ವರ್ಷ, ಎರಡು ತಿಂಗಳು ಒಬ್ಬನೇ ಇದ್ದ. ಮನೆಗೆ ತಗಲಿದ್ದು 28 ಡಾಲರ್ ಹನ್ನೆರಡೂವರೆ ಸೆಂಟ್. ಮೊಳೆ, ಸುಣ್ಣ, ಹಳೇ ಇಟ್ಟಿಗೆ ಎಲ್ಲದರ ಬೆಲೆಯನ್ನೂ ಬರೆದಿಟ್ಟಿದ್ದಾನೆ. ಆದರೆ ಬಟ್ಟೆ ಒಗೆಯುವ, ಹರಿದದ್ದನ್ನು ಹೊಲಿಯುವ ಬಾಬತ್ತು ಬಂದಾಗ ಮಾತ್ರ, ಅವು ಹೆಚ್ಚಾಗಿ ಹೊರಗೇ ಆದವು, ಬಿಲ್ಲು ಇನ್ನೂ ಬಂದಿಲ್ಲ ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಾನೆ.

ಗಂಡಸರು ಆ ಸಾಲನ್ನು ಗಮನಿಸದೆ ದಾಟಿದ್ದಾರು. ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿ ಪುಸ್ತಕ ಹಿಡಿದಿದ್ದ ನನಗೆ ದಾಟಲಾಗಲಿಲ್ಲ.

ಎಮರ್ಸನ್, ಥೋರೋ ಮತ್ತು ಅವರ ಗೆಳೆಯರು ಹೇಳಿದ ವಿಚಾರ ನಮ್ಮಂಥವರ ಮನಸ್ಸಿಗೂ ಹತ್ತಿರವಾದದ್ದೇ. ಸತ್ಯ ತಿಳಿಯಲು ಪಾದ್ರಿಯೂ ಬೇಡ, ಪಂಡಿತನೂ ಬೇಡ. ಮರದಡಿ ಸುಮ್ಮನೆ ಕೂತರೆ ನಮ್ಮ ಅಂತರಂಗವೇ ಮಾತಾಡುತ್ತದೆ ಎಂದರು. ಎಮರ್ಸನ್ 1836ರಲ್ಲಿ ಪ್ರಕೃತಿಯ ಬಗ್ಗೆ ಪುಸ್ತಕ ಬರೆದಾಗ ಅದರ ಜೀವಾಳ ಇದೇ ಆಗಿತ್ತು. ಥೋರೋ ಬೆಳಗಿನ ಹೊತ್ತು ಭಗವದ್ಗೀತೆ ಓದುತ್ತಿದ್ದ. ವಾಲ್ಡನ್ ಕೊಳದ ಮಂಜುಗಡ್ಡೆಯನ್ನು ಕೂಲಿಗಳು ಕತ್ತರಿಸುವುದನ್ನು ಕಂಡು, ಇದನ್ನು ಕಲ್ಕತ್ತದವರೂ ಕುಡಿದಾರು, ನನ್ನ ಕೊಳದ ನೀರು ಗಂಗೆಯೊಂದಿಗೆ ಬೆರೆಯುತ್ತದೆ ಎಂದು ಸಂತೋಷಪಟ್ಟ. ಇಂಥವನನ್ನು ಬೇರೆಯವನೆಂದು ಹೇಗೆ ತಿಳಿಯಲಿ?

ಆದರೆ ಮರದಡಿ ಕೂರಲು ಹೊತ್ತು ಬೇಕಲ್ಲ!

ಅದೇ ಗುಂಪಿನ ಬ್ರಾನ್ಸನ್ ಆಲ್ಕಾಟ್ 1843ರಲ್ಲಿ ಸ್ನೇಹಿತರೊಡನೆ 'ಫ್ರೂಟ್‌ಲ್ಯಾಂಡ್ಸ್' ಎಂಬ ಜಮೀನಿನಲ್ಲಿ ಪರಿಶುದ್ಧ ಬದುಕು ಕಟ್ಟಲು ಹೊರಟ. ಮಾಂಸವಿಲ್ಲ, ಹಾಲಿಲ್ಲ, ಚಹಾ ಕಾಫಿ ಇಲ್ಲ. ಗುಲಾಮರು ಬೆಳೆದದ್ದೆಂದು ಹತ್ತಿ ಬಟ್ಟೆಯೂ ಇಲ್ಲ. ಪ್ರಾಣಿಗಳನ್ನು ದುಡಿಸಬಾರದು ಎಂಬ ನಿಯಮ ಬೇರೆ. ಮನೆಗೆಲಸದ ಭಾರವೆಲ್ಲ ಬಿದ್ದದ್ದು ಅವನ ಹೆಂಡತಿ ಅಬಿಗೇಲಳ ಮೇಲೆ. ಏಳು ತಿಂಗಳಲ್ಲಿ, 1844ರ ಜನವರಿಗೆ, ಎಲ್ಲ ಮುಗಿಯಿತು. ಆಗ ಹನ್ನೊಂದು ವರ್ಷದವಳಾಗಿದ್ದ ಮಗಳು ಲೂಯಿಸಾ ಮುಂದೆ 'ಲಿಟಲ್ ವಿಮೆನ್' ಬರೆದು ಹೆಸರಾದಳು. 1873ರಲ್ಲಿ ಆ ದಿನಗಳ ಬಗ್ಗೆ ಒಂದು ನಗೆಬರಹವನ್ನೂ ಬರೆದಳು. ಎತ್ತಿಗೆ ವಿನಾಯಿತಿ ಇತ್ತು, ತಾಯಿಗೆ ಇರಲಿಲ್ಲ ಎಂಬ ನೋವು ಆ ನಗೆಯ ಕೆಳಗಿದೆ.

ಇನ್ನೊಬ್ಬಳು ಮಾರ್ಗರೆಟ್ ಫುಲ್ಲರ್, ಗಂಡಸರ ಸಮಕ್ಕೆ ನಿಂತು ವಾದಿಸಿದ ವಿದುಷಿ. 1843ರ ಬೇಸಿಗೆಯಲ್ಲಿ ಅವಳು ದೊಡ್ಡ ಸರೋವರಗಳ ಸೀಮೆಯಲ್ಲಿ ಸುತ್ತಾಡಿ ಬಂದಳು. ಹೂ ಚೆಲ್ಲಿದ ಬಯಲುಗಳನ್ನು ಮೆಚ್ಚಿದಳು. ಜೊತೆಗೇ, ಗಂಡಸರ ಆಸೆಗೆ ಅಲ್ಲಿಗೆ ಬಂದು ನೆಲೆಸಿದ ಹೆಂಗಸರು ಒಂಟಿತನದಲ್ಲಿ, ಕೆಲಸದಲ್ಲಿ ಬಸವಳಿದಿರುವುದನ್ನೂ ಕಂಡು ಬರೆದಳು. ಹೂವು ಅದೇ, ಬಯಲು ಅದೇ. ನೋಡಲು ತಲೆಯೆತ್ತಲಾಗದವಳಿಗೆ ಅದರಿಂದೇನು?

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನಮ್ಮ. ಒಮ್ಮೆ ಅವಳಿಗೆ ಹೇಳಿದ್ದೆ: "ನೀನೇ ಪುಣ್ಯವಂತೆ ಅಮ್ಮ, ಅಷ್ಟು ದೊಡ್ಡ ಹಿತ್ತಲು, ಸಂಪಿಗೆ ಮರ. ನಮಗೆ ನೋಡು, ಬರೀ ಸಿಮೆಂಟು." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿತ್ತಲಲ್ಲಿ ಬಾವಿ ಇತ್ತು, ಒಗೆಯೋ ಕಲ್ಲು ಇತ್ತು. ಸಂಪಿಗೆ ಮರ ಇತ್ತು ಅಂತ ನೀನು ಹೇಳಿದ ಮೇಲೆ ನೆನಪಾಯ್ತು ನೋಡು" ಎಂದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಹಾಗಾದರೆ ಥೋರೋ ಹೇಳಿದ್ದೆಲ್ಲ ಸುಳ್ಳೇ? ಹಾಗೆನ್ನಲು ಮನಸ್ಸು ಒಪ್ಪುವುದಿಲ್ಲ. ಅವನು ಕಾಡಿನಲ್ಲಿ ಕೂತು ಲೋಕವನ್ನು ಮರೆಯಲಿಲ್ಲ. 1846ರ ಜುಲೈಯಲ್ಲಿ, ರಿಪೇರಿಗೆ ಕೊಟ್ಟಿದ್ದ ಷೂ ತರಲು ಊರಿಗೆ ಹೋದವನು, ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡೆನೆಂದು ಒಂದು ರಾತ್ರಿ ಜೈಲಿನಲ್ಲಿದ್ದ. ಆ ನಿಷ್ಠುರತೆಯನ್ನು ಅವನಿಗೆ ಕೊಳವೊಂದೇ ಕೊಟ್ಟಿತು ಎಂದು ನಾನು ನಂಬಲಾರೆ. 1837ರಲ್ಲಿ ಕಾಂಕರ್ಡಿನ ಹೆಂಗಸರು ಗುಲಾಮಗಿರಿಯ ವಿರುದ್ಧ ಸಂಘ ಕಟ್ಟಿದಾಗ ಅವನ ತಾಯಿ ಸಿಂಥಿಯಾ, ಅಕ್ಕ ಹೆಲೆನ್ ಅದರಲ್ಲಿದ್ದರು. ಅವನು ಕಾಡಿಗೆ ಹೋಗುವ ಮೊದಲೇ ಆ ಮಾತು ಮನೆಯೊಳಗಿತ್ತು. 1862ರಲ್ಲಿ ಅವನು ತೀರಿಕೊಂಡ ಮೇಲೆ ಹಸ್ತಪ್ರತಿಗಳನ್ನು ಜೋಪಾನ ಮಾಡಿ ಪುಸ್ತಕವಾಗಿಸಲು ದುಡಿದವಳು ತಂಗಿ ಸೋಫಿಯಾ. ಮನುಷ್ಯನನ್ನು ಪ್ರಕೃತಿ ರೂಪಿಸುತ್ತದೆ, ನಿಜ. ಆದರೆ ಅವನನ್ನು ಅದರ ಮುಂದೆ ಬಿಡುವಾಗಿ ಕೂರಿಸಿದವರೂ ರೂಪಿಸಿರುತ್ತಾರೆ.

ಇಷ್ಟು ಬರೆದು ಥೋರೋನ ಮೇಲೆ ತಪ್ಪು ಹೊರಿಸಿ ಎದ್ದುಬಿಡಬಹುದಿತ್ತು. ಆದರೆ ನನಗೂ ಈಗ ದಿನಕ್ಕೆ ಅರ್ಧ ಗಂಟೆ ಇದೆ. ಬೆಳಿಗ್ಗೆ ತಾರಸಿಯ ಮೇಲೆ, ಪಕ್ಕದ ಮನೆಯ ಹೊಂಗೆಮರದತ್ತ ಮುಖ ಮಾಡಿ ಕೂರುತ್ತೇನೆ. ಚಿಗುರು ಬರುವ ಕಾಲದಲ್ಲಿ ಮನಸ್ಸೂ ತಿಳಿಯಾಗುತ್ತದೆ. ಹಿಂದಿನ ದಿನ ಆಡಬಾರದ ಮಾತು ಆಡಿದ್ದರೆ ಅಲ್ಲೇ ಹೊಳೆಯುತ್ತದೆ. ಆ ಅರ್ಧ ಗಂಟೆಯಲ್ಲೇ ಕೆಳಗಿನಿಂದ ಬಟ್ಟೆ ಒಗೆಯುವ ಸದ್ದು ಕೇಳುತ್ತಿರುತ್ತದೆ. ಒಗೆಯುವವಳು ನಾನಲ್ಲ, ನಮ್ಮ ಮನೆಗೆಲಸಕ್ಕೆ ಬರುವಾಕೆ. ಎಷ್ಟೋ ವರ್ಷ ಆ ಸದ್ದು ಕೇಳಿಯೂ ಕೇಳಿರಲಿಲ್ಲ.

ಅರ್ಧ ಗಂಟೆಯನ್ನು ಬಿಡಲಾರೆ. ಬಿಟ್ಟರೆ ಆಕೆಗೇನೂ ಸಿಗುವುದಿಲ್ಲ. ಲೆಕ್ಕವನ್ನಾದರೂ ಸರಿಯಾಗಿ ಬರೆಯಬೇಕೆನ್ನಿಸಿತು. ಭಾನುವಾರ ಬರಬೇಡ, ಸಂಬಳ ಅಷ್ಟೇ ಇರುತ್ತದೆ ಎಂದೆ. ಅವತ್ತು ಬಟ್ಟೆ ನಮ್ಮ ಪಾಲಿಗೆ. ಮನೆಯವರು, ಮಗ ಗೊಣಗುತ್ತಲೇ ಹಿಂಡಿ ಹರವುತ್ತಾರೆ.

ಮೊದಲ ಸೋಮವಾರ ಆಕೆಯನ್ನು ಕೇಳಿದೆ, "ನಿನ್ನೆ ಏನು ಮಾಡಿದೆ?" ಬೇವಿನ ಮರವನ್ನೋ ಕೆರೆಯನ್ನೋ ಹೇಳಿಯಾಳು ಎಂದು ನನ್ನ ಓದಿದ ಮನಸ್ಸು ಕಾಯುತ್ತಿತ್ತು.

"ಮಲಗಿದ್ದೆ ಕಣಮ್ಮ, ಹತ್ತು ಗಂಟೆ ತನಕ" ಎಂದಳು.