ನೀರಿನ ಋಣ

ಊರನ್ನು ಬಿಟ್ಟುಹೋಗುವವನನ್ನು ಕುರಿತು ‘ಅವನಿಗೆ ಈ ಊರಿನ ಅನ್ನನೀರಿನ ಋಣ ತೀರಿತು’ ಎಂದು ನಮ್ಮ ಜನರು ಹೇಳುವುದುಂಟು. ಕುಡಿದ ನೀರು ಋಣವೆಂಬ ಭಾವನೆಯು ಈ ಮಾತಿನಲ್ಲಿ ಅಡಗಿದೆ. ಹಾಗಾದರೆ ಆ ಋಣವನ್ನು ತೀರಿಸುವ ಬಗೆ ಯಾವುದು? ಒಬ್ಬನು ಬಳಸಿಬಿಟ್ಟ ನೀರನ್ನು ಮತ್ತೊಬ್ಬನಿಗೆ ಕೊಟ್ಟರೆ ಅದು ದಾನವೋ, ಋಣಪರಿಹಾರವೋ, ಅಥವಾ ತನ್ನ ಹೊರೆಯನ್ನು ಪರರ ತಲೆಗೆ ದಾಟಿಸುವ ಉಪಾಯವೋ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದುದರಿಂದಲೇ ಪೂರ್ವಿಕರು ಮೇಲಿನ ಕೆರೆಯ ಕೋಡಿಯು ಕೆಳಗಿನ ಕೆರೆಯನ್ನು ತುಂಬುವಂತೆ ಕೆರೆಗಳ ಸಾಲನ್ನೇ ಕಟ್ಟಿದರು. ಕೆರೆಗಳು ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿಗಿಂತಲೂ ಆಳಕ್ಕೆ ಇಳಿದುವು. ಅತ್ತ ಬೆಂಗಳೂರು ನಗರವು ಸುಮಾರು 100 ಕಿಲೋಮೀಟರು ದೂರದಿಂದ ಕಾವೇರಿಯನ್ನು ಎತ್ತಿ ತಂದು ಬಳಸಿ, ಕೊಳೆನೀರನ್ನು ಬೆಳ್ಳಂದೂರು, ವರ್ತೂರು ಕೆರೆಗಳ ದಾರಿಗೆ ಬಿಟ್ಟಿತು. 2017ರಲ್ಲಿ ಬೆಳ್ಳಂದೂರಿನ ಕೆರೆಯ ಮೇಲೆ ಬೆಂಕಿಯೇ ಎದ್ದಿತು. ಆ ಪ್ರವಾಹವು ದಕ್ಷಿಣ ಪಿನಾಕಿನಿಯನ್ನು ಕೂಡಿ, ತಮಿಳುನಾಡನ್ನು ಹಾಯ್ದು, ಕಡಲೂರಿನ ಬಳಿ ಪೂರ್ವಸಮುದ್ರವನ್ನು ಸೇರತಕ್ಕದ್ದು.

ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯು ಈ ನೀರಿನ ದಿಕ್ಕನ್ನು ತಿರುಗಿಸಿತು. ದಿನಕ್ಕೆ 44 ಕೋಟಿ ಲೀಟರು ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ 126 ಕೆರೆಗಳಿಗೆ ತುಂಬಿಸುವುದು ಅದರ ಸಂಕಲ್ಪ. 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಂದಿತು. ಮರುತಿಂಗಳೇ ಅಲ್ಲಿ ನೊರೆ ಕಾಣಿಸಿತು. ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಹತ್ತಿತು. ಕಡೆಗೆ ನೀರು ಹರಿಯಿತು. ಬತ್ತಿದ ಬಾವಿಗಳಲ್ಲಿ ಜಲವು ಮೇಲೇರಿತು.

‘ಬಾಯಾರಿದವನ ಮುಂದೆ ಶಾಸ್ತ್ರವನ್ನು ಹೇಳಬೇಡಿ’ ಎಂದು ಇಲ್ಲಿನ ರೈತನು ಹೇಳಿದರೆ ಅದು ಅಲ್ಲಗಳೆಯತಕ್ಕ ಮಾತಲ್ಲ. ಬಳಸಿದ ನೀರು ಎಂದೆಂದಿಗೂ ಅಶುದ್ಧವೆಂಬುದೂ ಸರಿಯಲ್ಲ. ಲೋಕದಲ್ಲಿ ಯಾರೂ ಬಳಸದ ನೀರು ಎಲ್ಲಿದೆ? ನೀರಿನಲ್ಲಿ ಮಲಮೂತ್ರಗಳನ್ನು ಬಿಡಬಾರದೆಂದು ಮನುಸ್ಮೃತಿಯು ನಿಷೇಧಿಸಿರುವುದು ಬಿಡುವವನನ್ನು ಕುರಿತು. ದೋಷವು ಅವನದು, ನೀರಿನದಲ್ಲ.

ಆದರೆ ಪಡೆಯುವವನ ಬಾಯಾರಿಕೆಯು ಕೊಡುವವನ ಕರ್ತವ್ಯವನ್ನು ಕಡಮೆಮಾಡಲಾರದು. ವಾಜಶ್ರವಸನು ಹಾಲು ಬತ್ತಿದ ಮುದಿಗೋವುಗಳನ್ನು ದಾನಕ್ಕೆ ನಡೆಸಿದಾಗ ಬಾಲಕ ನಚಿಕೇತನ ಮನಸ್ಸು ಕಲಕಿದುದು ಇದೇ ಕಾರಣದಿಂದ. ತನಗೆ ಬೇಡವಾದುದನ್ನು ಕೊಟ್ಟು ದಾತನೆನಿಸುವುದು ಸಲ್ಲದು. ಮೊದಲ ಹಂತದಲ್ಲಿ ಗಷ್ಟು ತಳಕ್ಕಿಳಿಯುತ್ತದೆ; ಎರಡನೆಯದರಲ್ಲಿ ಸೂಕ್ಷ್ಮಜೀವಿಗಳು ಗಾಳಿಯ ಸಹಾಯದಿಂದ ಕೊಳೆಯನ್ನು ತಿನ್ನುತ್ತವೆ. ಅಷ್ಟಾದರೂ ಸಾರಜನಕ, ರಂಜಕಗಳು ಬಹುಮಟ್ಟಿಗೆ ಉಳಿಯಬಹುದು. ಅವುಗಳನ್ನೂ ರೋಗಾಣುಗಳನ್ನೂ ಕಳೆಯುವುದಕ್ಕೆ ಮೂರನೆಯ ಹಂತ ಬೇಕು. ಅದಕ್ಕಾಗಿ ಎದ್ದಿರುವ ಬೇಡಿಕೆಯು ಭಿಕ್ಷೆಯಲ್ಲ. ನಗರವು ತೀರಿಸಬೇಕಾದ ಋಣದ ಶೇಷ.

ಇನ್ನೊಂದು ಮಾತು ಈ ಸೀಮೆಯವರಿಗೇ ಸಲ್ಲತಕ್ಕದ್ದು. ಪಡೆದವನು ಪಡೆದವನಾಗಿಯೇ ಉಳಿಯುವುದಿಲ್ಲ. ನಮ್ಮ ಊರುಗಳ ಚರಂಡಿಗಳೂ ಕೆರೆಗಳಿಗೇ ಇಳಿಯುತ್ತವೆ; ಕೆರೆ ತುಂಬಿದರೆ ಕೋಡಿಯು ಪಾಲಾರ್, ಪಿನಾಕಿನಿಗಳ ಜಾಡನ್ನು ಹಿಡಿಯುತ್ತದೆ; ಅವೆರಡೂ ಕಡಲಿಗೇ ಹೋಗುವುವು. ಇಲ್ಲಿ ಕೆರೆಯಲ್ಲಿ ಪಾಚಿಯನ್ನು ಬೆಳೆಸುವ ಸಾರವೇ ಅಲ್ಲಿ ಅಳಿವೆಯ ನೀರಿನಲ್ಲಿಯೂ ಪಾಚಿಯನ್ನು ಬೆಳೆಸಿ, ಮೀನಿನ ಉಸಿರನ್ನು ಕಟ್ಟಿಸುತ್ತದೆ. ಕಡಲನ್ನೇ ಕಾಣದ ಮುಳಬಾಗಿಲಿನ ಗೃಹಸ್ಥನೂ ಕಡಲತೀರದ ಬೆಸ್ತನಿಗೆ ಮೇಲಿನ ಕೆರೆಯವನೇ. ಬೆಂಗಳೂರಿನಿಂದ ನಾವು ಕೇಳುವ ಶುದ್ಧಿಯನ್ನು ಕೆಳಗಿನವನು ನಮ್ಮಿಂದ ಕೇಳಿದರೆ ಏನು ಉತ್ತರ ಕೊಡುವೆವು?

ತಾನು ಎಂಥ ನೀರನ್ನು ಅಂಗೈಯಲ್ಲಿ ಹಿಡಿಯಲು ಒಪ್ಪುವನೋ ಅಂಥ ನೀರನ್ನೇ ಕೋಡಿಯಲ್ಲಿ ಬಿಡತಕ್ಕದ್ದು. ನೀರಿನ ಋಣವು ಊರು ಬಿಟ್ಟರೆ ತೀರುವುದಿಲ್ಲ; ತಿಳಿಯಾಗಿ ಮುಂದಕ್ಕೆ ಹರಿಯಬಿಟ್ಟರೆ ತೀರುತ್ತದೆ.